ನಾಯಿ ಇರುವ ಮನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪಾರ್ಕಿನ ಗೇಟಿನ ಹತ್ತಿರ, ಲಿಫ್ಟಿನಲ್ಲಿ, ಪಶು ಆಸ್ಪತ್ರೆಯ ಬೆಂಚಿನ ಮೇಲೆ ನಾಯಿ ಸಾಕಿದವರು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆಗಳಿವು. ಕೆಲವು ಜೀವಕ್ಕೆ ಸಂಬಂಧಿಸಿದವು, ಕೆಲವು ಸುಮ್ನೆ ತಲೆಗೆ ಬಂದವು. ನಾನು ಕಂಡಂತೆ ಇವುಗಳಲ್ಲಿ ಬಹಳಷ್ಟು ಹುಟ್ಟುವುದು ನಾವು ನಾಯಿಯನ್ನು ಪುಟ್ಟ ಮನುಷ್ಯ ಅಂದುಕೊಳ್ಳುವುದರಿಂದ. ಅದಕ್ಕೆ ಅದರದೇ ಮೂಗಿದೆ, ಅದರದೇ ಕಿವಿಯಿದೆ. ಅಲ್ಲಿಂದ ಯೋಚನೆ ಶುರು ಮಾಡಿದರೆ ಉತ್ತರ ಬೇಗ ಸಿಗುತ್ತದೆ.

ವಾಕಿಂಗ್ ಹೊರಟರೆ ಹತ್ತು ಹೆಜ್ಜೆಗೊಮ್ಮೆ ನಿಂತು ಮೂಸುತ್ತದೆ. ಎಳೆದುಕೊಂಡು ಹೋಗಬೇಕಾ?

ಬೇಡ, ಮೂಸಲಿ ಬಿಡಿ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 50ರಿಂದ 60 ಲಕ್ಷ. ನಾಯಿಯ ಮೂಗಿನಲ್ಲಿ ತಳಿಗೆ ತಕ್ಕಂತೆ 10 ಕೋಟಿಯಿಂದ 30 ಕೋಟಿವರೆಗೆ ಇರುತ್ತವೆ. ಲೈಟ್ ಕಂಬದ ಬುಡದಲ್ಲಿ ನಮಗೆ ಕಾಣುವುದು ಬರೀ ಕಲೆ. ಅಲ್ಲಿಗೆ ಯಾವ ನಾಯಿ ಬಂದಿತ್ತು, ಅದು ಗಂಡೋ ಹೆಣ್ಣೋ, ಬೆದೆಗೆ ಬಂದಿದೆಯೋ, ಬಂದು ಎಷ್ಟು ಹೊತ್ತಾಯಿತು ಎಂಬುದೆಲ್ಲ ನಾಯಿಗೆ ಆ ವಾಸನೆಯಲ್ಲೇ ತಿಳಿಯುತ್ತದೆ. ಇಡೀ ದಿನ ಮನೆಯೊಳಗೆ ಇರುವ ಪ್ರಾಣಿಗೆ ಹೊರಗಿನ ಸುದ್ದಿ ಸಿಗುವುದು ಆ ಅರ್ಧ ಗಂಟೆಯಲ್ಲಿ ಮಾತ್ರ.

ಮೊಬೈಲ್ ನೋಡುತ್ತಾ ಬೆಲ್ಟ್ ಜಗ್ಗುವವರನ್ನು ದಿನಾ ನೋಡುತ್ತೇನೆ. ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹೊತ್ತು ಕಡಿಮೆ ಇದ್ದರೆ ದೂರ ಕಡಿಮೆ ಮಾಡಿ, ಮೂಸುವುದನ್ನು ಕಡಿಮೆ ಮಾಡಬೇಡಿ. ನಮ್ಮ ಗೌರಿ ಬೀದಿಯಿಂದ ಬಂದ ನಾಯಿ. ಒಂದೇ ಬೀದಿಯಲ್ಲಿ ನಿಧಾನಕ್ಕೆ ಮೂಸುತ್ತಾ ನಡೆದ ದಿನ ಮನೆಗೆ ಬಂದವಳೇ ಮಲಗಿಬಿಡುತ್ತಾಳೆ. ಮೂರು ಸುತ್ತು ಬಿರುಸಾಗಿ ನಡೆಸಿದ ದಿನ ಮಾತ್ರ ಮನೆಯಲ್ಲೂ ಚಡಪಡಿಸುತ್ತಾಳೆ.

ಬೇಸಿಗೆಯಲ್ಲಿ ಯಾವ ಹೊತ್ತಿಗೆ ಕರೆದೊಯ್ಯಬೇಕು?

ಬಿಸಿಲೇರುವ ಮುಂಚೆ, ಇಲ್ಲವೇ ಹೊತ್ತು ಮುಳುಗಿ ರಸ್ತೆ ಆರಿದ ಮೇಲೆ. ಕೈಯ ಹಿಂಭಾಗವನ್ನು ಡಾಂಬರಿನ ಮೇಲೆ ಏಳು ಸೆಕೆಂಡ್ ಇಟ್ಟು ನೋಡಿ. ನಿಮಗೆ ತಡೆಯಲು ಆಗದಿದ್ದರೆ ಅದರ ಪಾದಕ್ಕೂ ಆಗುವುದಿಲ್ಲ. ನಾಯಿ ನಮ್ಮ ಹಾಗೆ ಮೈಯೆಲ್ಲಾ ಬೆವರುವುದಿಲ್ಲ, ನಾಲಿಗೆ ಚಾಚಿ ತೇಕುತ್ತಲೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಮೂತಿ ಚಪ್ಪಟೆಯಾದ ಪಗ್ ಥರದ ನಾಯಿಗೆ ಅದೂ ಕಷ್ಟ. ಹಚ್ ಮೊಬೈಲ್ ಜಾಹೀರಾತು ಬಂದ ಮೇಲೆ ನಮ್ಮಲ್ಲಿ ಮನೆಮನೆಗೂ ಪಗ್ ಬಂತು. ಅವುಗಳ ಉಸಿರಾಟದ ಪಾಡನ್ನು ಮಾತ್ರ ಯಾರೂ ಮೊದಲೇ ಹೇಳಿರಲಿಲ್ಲ. ಕಲಬುರಗಿ, ರಾಯಚೂರಿನ ಬಿಸಿಲಿನಲ್ಲಿ ಹಸ್ಕಿ, ಸೇಂಟ್ ಬರ್ನಾರ್ಡ್ ಸಾಕುವ ಆಸೆಯನ್ನು ದಯವಿಟ್ಟು ಬಿಟ್ಟುಬಿಡಿ.

ತೇಕು ನಿಲ್ಲದೆ, ಜೊಲ್ಲು ಸುರಿಸುತ್ತಾ ತೂರಾಡಿದರೆ ತಕ್ಷಣ ನೆರಳಿಗೆ ತನ್ನಿ. ಮೈಗೆ ನೀರು ಹಾಕಿ, ಫ್ಯಾನ್ ಹಾಕಿ, ಹಾಗೇ ಡಾಕ್ಟರ ಹತ್ತಿರ ಹೊರಡಿ.

ಕಕ್ಕ ಮಾಡುವ ಮುಂಚೆ ಯಾಕೆ ಅಷ್ಟು ಸುತ್ತು ಹಾಕುತ್ತದೆ?

2013ರಲ್ಲಿ ಜೆಕ್ ಮತ್ತು ಜರ್ಮನಿಯ ಸಂಶೋಧಕರು ಇದರ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಭೂಮಿಯ ಕಾಂತಕ್ಷೇತ್ರ ಶಾಂತವಾಗಿದ್ದಾಗ ನಾಯಿಗಳು ಉತ್ತರ-ದಕ್ಷಿಣ ದಿಕ್ಕಿಗೆ ಮೈಯಿಟ್ಟು ಕೂರಲು ಇಷ್ಟಪಡುತ್ತವೆ ಎಂದು ಅವರು ಕಂಡರು. ಮರುವರ್ಷ ಅವರಿಗೆ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿ ಸಿಕ್ಕಿತು. ಎಲ್ಲಾ ಸುತ್ತಿಗೂ ಇದೇ ಕಾರಣ ಎಂದು ಹೇಳಲಾಗದು, ಜಾಗದ ವಾಸನೆಯೂ ಮುಖ್ಯ.

ಅದನ್ನು ನಾವು ಎತ್ತಲೇಬೇಕಾ? ಬೀದಿನಾಯಿದನ್ನು ಯಾರೂ ಎತ್ತಲ್ವಲ್ಲ?

ಎತ್ತಲೇಬೇಕು. ಬೀದಿನಾಯಿಗೆ ಯಜಮಾನರಿಲ್ಲ, ನಿಮ್ಮ ನಾಯಿಗೆ ನೀವಿದ್ದೀರಿ. ಹಳೇ ಪೇಪರ್ ಸಾಕು, ದುಬಾರಿ ಚೀಲ ಬೇಕಿಲ್ಲ. ನಾಯಿಯ ಕಕ್ಕದಲ್ಲಿ ಜಂತುಹುಳದ ಮೊಟ್ಟೆ ಇರಬಹುದು, ಮಣ್ಣಿನಲ್ಲಿ ಆಡುವ ಮಕ್ಕಳ ಹೊಟ್ಟೆಗೂ ಅದು ಸೇರಬಹುದು. ಇನ್ನೊಂದು ಮಾತು. ನಾಯಿ ಕಂಡರಾಗದ ನೆರೆಯವರ ಸಿಟ್ಟಿಗೆ ಅರ್ಧ ಕಾರಣ ನಾಯಿಯಲ್ಲ, ಎತ್ತದೇ ಹೋದ ಯಜಮಾನ. ಒಬ್ಬರು ಎತ್ತದೇ ಹೋದರೆ ಆ ಬೀದಿಯ ಎಲ್ಲಾ ನಾಯಿಗಳಿಗೂ ಬೈಗುಳ ಬೀಳುತ್ತದೆ.

ಮನೆ ಊಟ ಹಾಕಬಹುದಾ? ರಾಗಿಮುದ್ದೆ, ಅನ್ನ-ಮೊಸರು?

ಹಾಕಬಹುದು. ನಮ್ಮ ಕಡೆ ತಲೆಮಾರುಗಳಿಂದ ನಾಯಿಗಳು ಮುದ್ದೆ ತಿಂದೇ ಬೆಳೆದಿವೆ. ಆದರೆ ಬರೀ ಮುದ್ದೆ, ಬರೀ ಅನ್ನ-ಮೊಸರು ಸಾಲದು. ಮೊಟ್ಟೆ, ಕೋಳಿ, ಮೀನು ಇವುಗಳಲ್ಲಿ ಒಂದಾದರೂ ಬೇಕು, ಬೆಳೆಯುವ ಮರಿಗಂತೂ ಬೇಕೇ ಬೇಕು. ಮನೆಯಲ್ಲಿ ಮಾಂಸ ಮಾಡದವರು ಒಳ್ಳೆಯ ನಾಯಿ ಆಹಾರವನ್ನು ಜೊತೆಗೆ ಕೊಡಿ. ಹಾಲು ಎಷ್ಟೋ ದೊಡ್ಡ ನಾಯಿಗಳಿಗೆ ಅರಗುವುದಿಲ್ಲ, ಭೇದಿಯಾಗುತ್ತದೆ. ಮೊಸರು ವಾಸಿ.

ಕೊಡಬಾರದ್ದು ಇನ್ನೂ ಮುಖ್ಯ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹಾಗಾಗಿ ಉಳಿದ ಸಾಂಬಾರು, ಬಿರಿಯಾನಿ ಮಸಾಲೆ ಬೇಡ. ದ್ರಾಕ್ಷಿ, ಒಣದ್ರಾಕ್ಷಿಯಿಂದ ಕಿಡ್ನಿ ಕೆಡಬಹುದು. ಹಬ್ಬದ ದಿನ ಪಾಯಸದ ಪಾತ್ರೆ ನೆಕ್ಕಲು ಕೊಡುವವರು ಇದನ್ನು ನೆನಪಿಡಿ. ಚಾಕೊಲೇಟ್ ವಿಷ, ಕಪ್ಪಗಿದ್ದಷ್ಟೂ ಜಾಸ್ತಿ ವಿಷ. ಸಕ್ಕರೆ ಇಲ್ಲದ ಚೂಯಿಂಗ್ ಗಮ್‌ನಲ್ಲಿ ಕ್ಸೈಲಿಟಾಲ್ ಎಂಬ ಸಿಹಿ ವಸ್ತು ಇರಬಹುದು, ಅದು ಚೂರೇ ಹೋದರೂ ಅಪಾಯ. ಬೇಯಿಸಿದ ಮೂಳೆ ಚೂಪಾಗಿ ಸಿಗಿದು ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ತುಪ್ಪ ಸುರಿದ ಹೋಳಿಗೆಯಿಂದ ವಾಂತಿ ಶುರುವಾಗಿ ಮೇದೋಜೀರಕ ಗ್ರಂಥಿಯ ಉರಿಯೂತಕ್ಕೂ ಹೋಗಬಹುದು.

ನಮ್ಮ ಜ್ವರದ ಮಾತ್ರೆ, ನೋವಿನ ಮಾತ್ರೆ ಎರಡೂ ಬೇಡ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನಾಯಿಯ ಜೀವಕ್ಕೇ ಮುಳುವಾಗಬಹುದು.

ನಿನ್ನೆಯಿಂದ ಅನ್ನ ಮುಟ್ಟಿಲ್ಲ, ಮಂಕಾಗಿ ಮಲಗಿದೆ. ಕಾಯಬಹುದಾ?

ಒಂದು ಹೊತ್ತು ಬಿಟ್ಟರೆ ಚಿಂತೆ ಬೇಡ. ಒಂದು ದಿನ ದಾಟಿದರೆ ತೋರಿಸಿ. ನಮ್ಮ ಹವೆಯಲ್ಲಿ ಮೊದಲು ಅನುಮಾನ ಪಡಬೇಕಾದದ್ದು ಉಣ್ಣೆ ಜ್ವರ. ಕಂದು ಬಣ್ಣದ ಉಣ್ಣೆ ಕಚ್ಚಿದಾಗ ಎರ್ಲಿಕಿಯಾ, ಬೆಬೇಸಿಯಾ ಎಂಬ ರೋಗಾಣುಗಳು ರಕ್ತಕ್ಕೆ ಸೇರುತ್ತವೆ. ಪ್ಲೇಟ್‌ಲೆಟ್ ಇಳಿಯುತ್ತದೆ. ತುಟಿ ಎತ್ತಿ ವಸಡು ನೋಡಿ. ಗುಲಾಬಿ ಬಣ್ಣ ಹೋಗಿ ಬಿಳಿಚಿಕೊಂಡಿದ್ದರೆ, ಮೂಗಿನಲ್ಲಿ ರಕ್ತ ಬಂದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಬೇಗ ಹಿಡಿದರೆ ಔಷಧಿಗೆ ವಾಸಿಯಾಗುತ್ತದೆ.

ನಾಯಿಯ ಮೈ ಬಿಸಿ ನಮಗಿಂತ ಜಾಸ್ತಿಯೇ ಇರುತ್ತದೆ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಸಹಜ. ಬರೀ ಕೈಯಿಂದ ಮುಟ್ಟಿ ಜ್ವರ ಅನ್ನಬೇಡಿ, ಥರ್ಮಾಮೀಟರ್ ಇಟ್ಟುಕೊಳ್ಳಿ.

ಉಣ್ಣೆಯನ್ನು ಬೆರಳಲ್ಲಿ ಹಿಸುಕಬೇಡಿ. ಚರ್ಮದ ಹತ್ತಿರ ಚಿಮಟದಿಂದ ಹಿಡಿದು ನೇರವಾಗಿ ಎಳೆಯಿರಿ. ಕಿವಿಯೊಳಗೆ, ಬೆರಳ ಸಂದಿನಲ್ಲಿ, ಬೆಲ್ಟಿನ ಕೆಳಗೆ ದಿನಾ ಹುಡುಕಿ. ನಾಯಿಯ ಮೈಗೆ ಔಷಧಿ ಹಾಕಿ ಮನೆಯನ್ನು ಹಾಗೇ ಬಿಟ್ಟರೆ ಪ್ರಯೋಜನವಿಲ್ಲ. ಮೊಟ್ಟೆ ಇರುವುದು ಗೋಡೆ ಬಿರುಕಿನಲ್ಲಿ, ಮಲಗುವ ಗೋಣಿಚೀಲದಲ್ಲಿ.

ಮನೆಯಿಂದ ಆಚೆ ಹೋಗದ ನಾಯಿಗೂ ಇಂಜೆಕ್ಷನ್ ಬೇಕಾ?

ಬೇಕು. ಮರಿಗೆ ಆರರಿಂದ ಎಂಟು ವಾರದಲ್ಲಿ ಪಾರ್ವೋ, ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆಗಳ ಲಸಿಕೆ ಶುರುವಾಗಬೇಕು. ಮೂರು-ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ ಮುಂದುವರಿಯಬೇಕು. ಪಾರ್ವೋ ನಿಮ್ಮ ಚಪ್ಪಲಿಯಲ್ಲೇ ಮನೆಗೆ ಬರಬಹುದು. ರೇಬಿಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ಡಾಕ್ಟರು ಹೇಳಿದಂತೆ ಬೂಸ್ಟರ್. ಪ್ರತಿ ವರ್ಷ ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಆ ದಿನದ ಆಸುಪಾಸಿನಲ್ಲಿ ಸರ್ಕಾರಿ ಪಶು ಆಸ್ಪತ್ರೆಯವರು ಉಚಿತ ಲಸಿಕೆ ಹಾಕುವುದು ಸಾಮಾನ್ಯ, ವಿಚಾರಿಸಿ.

ಯಾವ ನಾಯಿಯೇ ಕಚ್ಚಲಿ, ಪರಚಲಿ, ಮೊದಲು ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಬೇಡಿ. ಆಮೇಲೆ ನೇರ ಆಸ್ಪತ್ರೆಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಉಚಿತ. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಔಷಧಿ ಇಲ್ಲ, ಲಕ್ಷಣಕ್ಕೂ ಮುಂಚೆ ಲಸಿಕೆ ಪೂರ್ತಿ ತೆಗೆದುಕೊಂಡರೆ ತಡೆಯಬಹುದು. "ನಮ್ಮ ನಾಯಿನೇ ಅಲ್ವಾ, ಸಣ್ಣ ಗೀರು" ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಜಾತಿ ನಾಯಿ ತರೋದಾ, ಬೀದಿ ಮರಿ ತರೋದಾ?

ನನ್ನ ಮತ ಬೀದಿ ಮರಿಗೆ. ನಮ್ಮ ನಾಟಿ ನಾಯಿ ಈ ನೆಲದ ಬಿಸಿಲು, ಮಳೆಗೆ ಒಗ್ಗಿಕೊಂಡೇ ಬಂದದ್ದು. ಜಾಣತನದಲ್ಲಿ ಕಡಿಮೆಯಿಲ್ಲ. ಕೋಲ್ಕತ್ತದ ಐಸರ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಅವರ ತಂಡ ಬೀದಿನಾಯಿಗಳನ್ನೇ ಅಧ್ಯಯನ ಮಾಡುತ್ತಿದೆ. ಯಾರೂ ತರಬೇತಿ ಕೊಡದ ನಾಯಿಗಳೂ ಮನುಷ್ಯ ಬೆರಳು ತೋರಿಸಿದ ಕಡೆಗೆ ಹೋಗುತ್ತವೆ ಎಂದು ಅವರು ತೋರಿಸಿದ್ದಾರೆ.

ಮುಧೋಳ ನಾಯಿ ಬೇಕು ಅನ್ನುವವರು ಜಾಸ್ತಿಯಾಗಿದ್ದಾರೆ, ಸಂತೋಷ. ಬಾಗಲಕೋಟೆ ಜಿಲ್ಲೆಯ ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಬೆಳೆಸಿದ ತಳಿ ಇದು. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಇದಕ್ಕೆಂದೇ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಆದರೆ ಇದು ಕಣ್ಣಿನಿಂದ ಬೇಟೆ ಹಿಡಿದು ಓಡುವ ನಾಯಿ. ದಿನಾ ಓಡಲು ಬಯಲು ಬೇಕು. ಎರಡು ಕೋಣೆಯ ಫ್ಲಾಟಿನ ಬಾಲ್ಕನಿಯಲ್ಲಿ ಕಟ್ಟಿಹಾಕಲು ಮುಧೋಳ ತರಬೇಡಿ. ಆ ನಾಯಿಗೆ ಅದು ಸೆರೆವಾಸ.

ನಾಯಿಯ ಒಂದು ವರ್ಷ ನಮ್ಮ ಏಳು ವರ್ಷಕ್ಕೆ ಸಮವಾ?

ಅಲ್ಲ. 2020ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕ್ಯಾಂಪಸ್ಸಿನವರು ಲ್ಯಾಬ್ರಡಾರ್‌ಗಳ ಡಿಎನ್‌ಎ ಬದಲಾವಣೆ ನೋಡಿ ಲೆಕ್ಕ ಹಾಕಿದರು. ಒಂದು ವರ್ಷದ ಲ್ಯಾಬ್ರಡಾರ್ ಸುಮಾರು 30 ವರ್ಷದ ಮನುಷ್ಯನಿಗೆ ಸಮ. ನಾಲ್ಕು ವರ್ಷದ್ದು 50 ದಾಟಿದವರಿಗೆ. ಆಮೇಲೆ ವಯಸ್ಸಾಗುವ ವೇಗ ಇಳಿಯುತ್ತದೆ. ಏಳು ವರ್ಷ ದಾಟಿದ ನಾಯಿಯನ್ನು ಆರು ತಿಂಗಳಿಗೊಮ್ಮೆ ಡಾಕ್ಟರಿಗೆ ತೋರಿಸಿ.

ನಾಯಿ ಜೊತೆ ಇಂಗ್ಲಿಷಿನಲ್ಲೇ ಮಾತಾಡಬೇಕಾ?

ಖಂಡಿತ ಬೇಡ. ಮನೆಯಲ್ಲಿ ಅಪ್ಪಟ ಕನ್ನಡ ಆಡುವವರೂ ನಾಯಿ ಕಂಡ ಕೂಡಲೇ "ಸಿಟ್, ಕಮ್, ನೋ" ಅನ್ನುತ್ತಾರೆ. "ಕೂತ್ಕೋ" ಅಂದರೂ ಅದು ಅಷ್ಟೇ ಚೆನ್ನಾಗಿ ಕಲಿಯುತ್ತದೆ. ಮುಖ್ಯವಾದದ್ದು ಎಲ್ಲರೂ ಒಂದೇ ಮಾತು ಬಳಸುವುದು. ಅಜ್ಜಿ "ಬಾ" ಅಂದು, ಮಗ "ಕಮ್ ಹಿಯರ್" ಅಂದು, ಅಪ್ಪ ಶಿಳ್ಳೆ ಹಾಕಿದರೆ ಮರಿ ಯಾವುದನ್ನು ಹಿಡಿಯಬೇಕು?

ಹಂಗೆರಿಯ ಬುಡಾಪೆಸ್ಟಿನಲ್ಲಿ ಸಂಶೋಧಕರು ನಾಯಿಗಳನ್ನು ಎಂಆರ್‌ಐ ಯಂತ್ರದೊಳಗೆ ಸುಮ್ಮನೆ ಮಲಗುವಂತೆ ಕಲಿಸಿ ಮಿದುಳು ನೋಡಿದ್ದಾರೆ. 2016ರ ಅವರ ಅಧ್ಯಯನದಲ್ಲಿ ಗೊತ್ತಾದದ್ದು ಇದು. ಹೊಗಳುವ ಮಾತನ್ನು ಹೊಗಳುವ ದನಿಯಲ್ಲೇ ಹೇಳಿದರೆ ಮಾತ್ರ ನಾಯಿಯ ಮಿದುಳಿನ ಖುಷಿಯ ಭಾಗ ಚುರುಕಾಗುತ್ತದೆ. ಒಪ್ಪದ ದನಿಯಲ್ಲಿ "ಜಾಣ ಮರಿ" ಅಂದರೆ ಅದಕ್ಕೆ ಮುಟ್ಟುವುದಿಲ್ಲ. 2022ರಲ್ಲಿ ಅದೇ ಊರಿನಿಂದ ಬಂದ ಇನ್ನೊಂದು ಅಧ್ಯಯನದಲ್ಲಿ ನಾಯಿಗಳ ಮಿದುಳು ಪರಿಚಿತ ಭಾಷೆ ಮತ್ತು ಅಪರಿಚಿತ ಭಾಷೆಯ ವ್ಯತ್ಯಾಸ ಹಿಡಿಯಿತು. ಅಂದರೆ ಕನ್ನಡ ಕೇಳಿ ಬೆಳೆದ ನಾಯಿಗೆ ಕನ್ನಡ ಮನೆ ಮಾತೇ.

ಚಪ್ಪಲಿ ಕಚ್ಚಿ ಹಾಕಿ ತಲೆ ತಗ್ಗಿಸಿ ಕೂರುತ್ತದೆ. ತಪ್ಪು ಗೊತ್ತಾಗಿದೆ ಅಲ್ವಾ?

ನಮಗೆ ಹಾಗೆ ಕಾಣುತ್ತದೆ. ನಾಯಿಗಳ ನಡವಳಿಕೆ ಅಧ್ಯಯನ ಮಾಡುವ ಅಮೆರಿಕದ ಅಲೆಕ್ಸಾಂಡ್ರಾ ಹೊರೋವಿಟ್ಜ್ 2009ರಲ್ಲಿ ಇದನ್ನು ಪರೀಕ್ಷಿಸಿದರು. ತಪ್ಪು ಮಾಡದ ನಾಯಿಯನ್ನು ಬೈದಾಗಲೂ ಅದೇ ಮುಖ ಬಂತು. ಅದು ನಿಮ್ಮ ಸಿಟ್ಟಿಗೆ ಹೆದರಿದ ಮುಖ. ಗಂಟೆಗಳ ನಂತರ ಹೊಡೆದರೆ ಅದು ಕಲಿಯುವುದು ಒಂದೇ, ನೀವು ಮನೆಗೆ ಬಂದರೆ ಹೊಡೆತ ಬೀಳುತ್ತದೆ ಎಂದು. ಚಪ್ಪಲಿ ಮೇಲೆ ಎತ್ತಿಡಿ, ಕಚ್ಚಲು ಬೇರೆ ಏನಾದರೂ ಕೊಡಿ.

ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಒಂಟಿಯಾಗಿ ಇರುತ್ತದಾ?

ದೊಡ್ಡ ನಾಯಿ ನಾಲ್ಕೈದು ಗಂಟೆ ಆರಾಮಾಗಿ ಇರುತ್ತದೆ, ಹೆಚ್ಚು ಹೊತ್ತು ಮಲಗಿಯೇ ಕಳೆಯುತ್ತದೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಅಂದರೆ ಅನ್ಯಾಯ. ಮಧ್ಯಾಹ್ನ ಒಬ್ಬರು ಬಂದು ಹೊರಗೆ ಕರೆದೊಯ್ಯುವ ವ್ಯವಸ್ಥೆ ಮಾಡಿ. ಹೊರಡುವ ಮುಂಚೆ ಊಟದ ಒಂದಿಷ್ಟು ತುಣುಕುಗಳನ್ನು ಮನೆಯ ಮೂಲೆಮೂಲೆಯಲ್ಲಿ ಬಚ್ಚಿಡಿ, ಹುಡುಕುತ್ತಾ ಹೊತ್ತು ಹೋಗುತ್ತದೆ. ಮರಿಯನ್ನು ಮಾತ್ರ ಹಾಗೆ ಬಿಡಲಾಗದು. ಅಷ್ಟು ಹೊತ್ತು ಮೂತ್ರ ತಡೆಯಲು ಅದರ ಕೈಲಿ ಆಗುವುದಿಲ್ಲ.

ನಡುರಾತ್ರಿ ಖಾಲಿ ಕಡೆ ನೋಡಿ ಬೊಗಳುತ್ತದೆ. ಊಳಿಟ್ಟರೆ ಅಪಶಕುನ ಅಂತಾರಲ್ಲ?

ನಮ್ಮ ಕಿವಿ ಸುಮಾರು 20 ಸಾವಿರ ಹರ್ಟ್ಜ್‌ವರೆಗೆ ಕೇಳಿದರೆ ನಾಯಿಯದು 45 ಸಾವಿರದವರೆಗೆ ಕೇಳುತ್ತದೆ. ಗೋಡೆಯ ಸಂದಿನ ಇಲಿಯ ಕೀಚಲು ದನಿ ಅದಕ್ಕೆ ಸ್ಪಷ್ಟ. ಊಳಿಡುವುದು ದೂರದ ನಾಯಿಗೆ ಕೊಡುವ ಉತ್ತರ, ಇಲ್ಲವೇ ಒಂಟಿತನ, ನೋವು. ಸಾವನ್ನು ಕರೆಯುವುದಿಲ್ಲ.

ಮಲೆನಾಡಿನ, ಕಾಡಂಚಿನ ಊರುಗಳಲ್ಲಿ ಮಾತ್ರ ಆ ಬೊಗಳುವಿಕೆಯನ್ನು ಲಘುವಾಗಿ ತಗೋಬೇಡಿ. ಚಿರತೆಗೆ ನಾಯಿ ಸುಲಭದ ಬೇಟೆ. ರಾತ್ರಿ ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದ ನಾಯಿಗೆ ಓಡಲೂ ದಾರಿಯಿಲ್ಲ. ಒಳಗೆ ಮಲಗಿಸಿ.

ನಿದ್ದೆಯಲ್ಲಿ ಕಾಲು ಆಡಿಸುತ್ತದೆ. ಎಬ್ಬಿಸಬೇಕಾ?

ಬೇಡ. ಕನಸಿರಬೇಕು.

ಹೆಣ್ಣು ನಾಯಿಗೆ ಒಂದು ಸಲವಾದರೂ ಮರಿ ಆಗಲಿ, ಆಮೇಲೆ ಆಪರೇಷನ್ ಮಾಡಿಸೋಣ ಅಂತಾರೆ ಮನೆಯಲ್ಲಿ.

ಹಿರಿಯರ ಕನಿಕರ ಅರ್ಥವಾಗುತ್ತದೆ. ಆದರೆ ಮರಿ ಹಾಕುವುದರಿಂದ ನಾಯಿಯ ಆರೋಗ್ಯಕ್ಕೆ ಲಾಭವಿಲ್ಲ. ಆಪರೇಷನ್ ಮಾಡಿಸದ ಹೆಣ್ಣು ನಾಯಿಗೆ ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಬರುವುದುಂಟು, ತಡವಾದರೆ ಜೀವವೇ ಹೋಗುತ್ತದೆ. ಬೇಗ ಮಾಡಿಸಿದರೆ ಮೊಲೆಯ ಗಡ್ಡೆಯ ಭಯವೂ ಕಡಿಮೆ. ಅದಕ್ಕಿಂತ ಮೊದಲು ಕೇಳಿಕೊಳ್ಳಿ, ಹುಟ್ಟುವ ಆರೇಳು ಮರಿಗೂ ಒಳ್ಳೆಯ ಮನೆ ಗೊತ್ತಾ? ಯಾವ ವಯಸ್ಸಿಗೆ ಎಂಬುದನ್ನು ತಳಿ ನೋಡಿ ಡಾಕ್ಟರು ಹೇಳುತ್ತಾರೆ.

ದೀಪಾವಳಿ ಪಟಾಕಿಗೆ ಮಂಚದ ಕೆಳಗೆ ಸೇರಿ ನಡುಗುತ್ತದೆ. ಏನು ಮಾಡಲಿ?

ಸಂಜೆಗೆ ಮುಂಚೆಯೇ ವಾಕಿಂಗ್, ಊಟ ಮುಗಿಸಿ. ಕಿಟಕಿ ಮುಚ್ಚಿ, ಪರದೆ ಎಳೆದು, ಫ್ಯಾನು, ಟಿವಿ ಹಾಕಿ. ಮಂಚದ ಕೆಳಗೇ ಇರಲಿ, ಎಳೆಯಬೇಡಿ. "ಸಮಾಧಾನ ಮಾಡಿದರೆ ಭಯ ಜಾಸ್ತಿಯಾಗುತ್ತೆ" ಎಂಬ ಮಾತು ನಂಬಬೇಡಿ. ಹತ್ತಿರ ಬಂದರೆ ತಬ್ಬಿಕೊಳ್ಳಿ. ತುಂಬಾ ಹೆದರುವ ನಾಯಿಗೆ ಹಬ್ಬಕ್ಕೆ ವಾರ ಮುಂಚೆ ಡಾಕ್ಟರನ್ನು ಕಂಡು ಮಾತ್ರೆ ಕೇಳಿ. ಕೊರಳಲ್ಲಿ ಫೋನ್ ನಂಬರಿನ ಬಿಲ್ಲೆ ಇರಲಿ. ಹೆದರಿ ಓಡಿದ ನಾಯಿಗೆ ಮನೆಯ ದಾರಿ ಸಿಗುವುದಿಲ್ಲ. ರಾತ್ರಿ 8ರಿಂದ 10ರವರೆಗೆ ಮಾತ್ರ ಪಟಾಕಿ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಬೀದಿಯ ಮಕ್ಕಳಿಗೆ ನಿಮ್ಮ ನಾಯಿಯನ್ನು ಮೊದಲೇ ಪರಿಚಯ ಮಾಡಿಸಿ, ಕೇಳಿಕೊಳ್ಳಿ. ಮಕ್ಕಳು ದೊಡ್ಡವರಿಗಿಂತ ಬೇಗ ಒಪ್ಪುತ್ತಾರೆ.

ಅಪಾರ್ಟ್‌ಮೆಂಟ್ ಸಂಘದವರು ನಾಯಿ ಸಾಕಬಾರದು ಅಂತಾರೆ. ಬೀದಿನಾಯಿಗೆ ಊಟ ಹಾಕಿದರೂ ಜಗಳ.

ಸಾಕುನಾಯಿಯನ್ನೇ ನಿಷೇಧಿಸುವ ಅಧಿಕಾರ ನಿವಾಸಿಗಳ ಸಂಘಕ್ಕಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ಬೀದಿನಾಯಿಗಳ ವಿಷಯಕ್ಕೆ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಿವೆ. ಮಕ್ಕಳು ಆಡುವ ಜಾಗ, ಮೆಟ್ಟಿಲು, ಗೇಟಿನಿಂದ ದೂರದಲ್ಲಿ ಊಟದ ಜಾಗ ಗೊತ್ತು ಮಾಡಬೇಕು ಎಂದು ಅವು ಹೇಳುತ್ತವೆ. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಕೂಡ ಗೊತ್ತುಪಡಿಸಿದ ಜಾಗದಲ್ಲೇ ಊಟ ಹಾಕಬೇಕು ಎಂದಿತು.

ಕಾನೂನು ಹಿಡಿದು ವಾದಿಸುವುದಕ್ಕಿಂತ ನಡವಳಿಕೆ ಹೆಚ್ಚು ಕೆಲಸ ಮಾಡುತ್ತದೆ. ಲಿಫ್ಟಿನಲ್ಲಿ ಯಾರಾದರೂ ಹಿಂಜರಿದರೆ ನೀವೇ ಮುಂದಿನದಕ್ಕೆ ಕಾಯಿರಿ. ಕಾರಿಡಾರಿನಲ್ಲಿ ಬೆಲ್ಟ್ ಗಿಡ್ಡ ಹಿಡಿಯಿರಿ. ಲಸಿಕೆ ಕಾರ್ಡಿನ ಪ್ರತಿಯನ್ನು ಕೇಳುವ ಮುಂಚೆಯೇ ಸಂಘಕ್ಕೆ ಕೊಡಿ. ನಾಯಿಗೆ ಹೆದರುವವರ ಹೆದರಿಕೆ ನಿಜ. ಎಷ್ಟೋ ಜನ ಚಿಕ್ಕಂದಿನಲ್ಲಿ ಕಚ್ಚಿಸಿಕೊಂಡವರು. "ಏನೂ ಮಾಡಲ್ಲ ಆಂಟಿ" ಅಂದರೆ ಅವರ ಎದೆಬಡಿತ ಇಳಿಯುವುದಿಲ್ಲ.

ಊರಿಗೆ ಹೋಗುವಾಗ ರೈಲಿನಲ್ಲಿ ಕರೆದೊಯ್ಯಬಹುದಾ?

ಫಸ್ಟ್ ಎಸಿಯಲ್ಲಿ ಇಡೀ ಕೂಪೆ ಅಥವಾ ಕ್ಯಾಬಿನ್ ನಿಮ್ಮದಾದರೆ ಜೊತೆಯಲ್ಲೇ ಒಯ್ಯಬಹುದು. ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಬೇಕು. ಲಸಿಕೆ ಕಾರ್ಡು, ಡಾಕ್ಟರ ಪತ್ರ ಕೈಯಲ್ಲಿರಲಿ. ಸೆಕೆಂಡ್ ಎಸಿ, ಥರ್ಡ್ ಎಸಿ, ಸ್ಲೀಪರಿನಲ್ಲಿ ಬಿಡುವುದಿಲ್ಲ. ಗಾರ್ಡ್ ಇರುವ ಬ್ರೇಕ್ ವ್ಯಾನಿನಲ್ಲಿ ನಾಯಿ ಕಳಿಸುವ ಡಬ್ಬಿ ಇದೆ. ನಾನಾದರೆ ಅದರಲ್ಲಿ ಕಳಿಸುವುದಿಲ್ಲ. ಕತ್ತಲು, ಸದ್ದು, ಒಂಟಿತನ ಮೂರೂ ಸೇರುತ್ತವೆ.

ನಾಯಿ ದೇವರ ಮನೆಗೆ ಹೋದರೆ ಮೈಲಿಗೆಯಾ?

ಒಂದೊಂದು ಮನೆಯ ಪದ್ಧತಿ ಒಂದೊಂದು ಥರ, ಹಿರಿಯರ ಮನಸ್ಸು ನೋಯಿಸುವುದು ಬೇಡ. ಆದರೆ ಕಾಲಭೈರವನ ವಾಹನ ನಾಯಿ. ದತ್ತಾತ್ರೇಯನ ಕಾಲ ಬಳಿ ನಾಲ್ಕು ನಾಯಿ. ಮೈಲಾರಲಿಂಗನ ಪರಂಪರೆಯಲ್ಲಿ ಗೊರವರು ತಾವೇ ದೇವರ ನಾಯಿಗಳೆಂದು ಬೊಗಳುತ್ತಾ, ದೋಣಿ ಎಂಬ ಪಾತ್ರೆಯಲ್ಲಿಟ್ಟ ನೈವೇದ್ಯವನ್ನು ಬಾಯಿ ಹಾಕಿ ತಿನ್ನುತ್ತಾರೆ. ಚನ್ನಪಟ್ಟಣದ ಹತ್ತಿರ ಅಗ್ರಹಾರ ವಳಗೇರೆಹಳ್ಳಿಯಲ್ಲಿ ನಾಯಿಗೇ ಗುಡಿಯಿದೆ. ಅತ್ತೆಯವರ ಜೊತೆ ಮಾತಿಗೆ ಕೂತಾಗ ಇಷ್ಟನ್ನು ಹೇಳಿ ನೋಡಿ.

ನಾಯಿ ಹೋಗಿ ತಿಂಗಳಾಯಿತು, ಇನ್ನೂ ಅಳು ಬರುತ್ತದೆ. "ಒಂದು ನಾಯಿಗೆ ಇಷ್ಟಾ?" ಅಂತಾರೆ.

ಅಳಿ. ಇದು ಇವತ್ತಿನ ಪಟ್ಟಣದವರ ಶೋಕಿ ಅಲ್ಲ. ಮಂಡ್ಯ ಜಿಲ್ಲೆ ಮದ್ದೂರಿನ ಹತ್ತಿರ ಆತಕೂರು ಎಂಬ ಊರಿದೆ. ಅಲ್ಲಿ ಸಿಕ್ಕಿದ ಹತ್ತನೇ ಶತಮಾನದ ಶಾಸನ ಹೇಳುವುದು ಹೀಗೆ. 949ರ ತಕ್ಕೋಲದ ಯುದ್ಧದಲ್ಲಿ ಗಂಗ ದೊರೆ ಬೂತುಗನ ಕಡೆಯ ಮಣಲರ ಪರಾಕ್ರಮ ತೋರಿದ. ಏನು ಬೇಕೋ ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆಮೇಲೆ ಕಾಳಿ ಕಾಡುಹಂದಿಯ ಜೊತೆ ಹೋರಾಡಿತು, ಎರಡೂ ಸತ್ತವು. ಮಣಲರ ಕಾಳಿಗಾಗಿ ಕಲ್ಲು ನಿಲ್ಲಿಸಿದ, ಅದರ ಪೂಜೆಗೆ ಭೂಮಿ ಬಿಟ್ಟ. ನಾಯಿ ಮತ್ತು ಹಂದಿಯ ಕಾಳಗವನ್ನು ಕೆತ್ತಿದ ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ಯುದ್ಧ ಗೆದ್ದವನೇ ನಾಯಿಗಾಗಿ ಅಷ್ಟು ಮಾಡಿದ ಮೇಲೆ ನೀವು ಯಾರಿಗೂ ವಿವರಣೆ ಕೊಡಬೇಕಿಲ್ಲ.

ಮನೆಯಲ್ಲಿ ಇನ್ನೊಂದು ನಾಯಿಯಿದ್ದರೆ ಅದರ ಕಡೆಗೂ ಗಮನ ಕೊಡಿ. ಅದೂ ಊಟ ಬಿಟ್ಟು ಹುಡುಕುತ್ತಿರುತ್ತದೆ. ವಾಕಿಂಗ್ ಹೊತ್ತು ತಪ್ಪಿಸಬೇಡಿ.

ಹೊಸ ಮರಿ ಯಾವಾಗ ತರಬಹುದು?

ಹೋದ ನಾಯಿಯ ಜಾಗ ತುಂಬಲು ಅಂತ ತರಬೇಡಿ. ಹೊಸದನ್ನು ನೋಡಿಕೊಳ್ಳುವ ಮನಸ್ಸು ಬಂದಾಗ ತನ್ನಿ. ಮನೆಯವರೆಲ್ಲ ಒಪ್ಪಿರಲಿ. ಹೋದ ನಾಯಿಗೆ ಪಾರ್ವೋ ಆಗಿದ್ದರೆ ಮಾತ್ರ ಅವಸರ ಮಾಡಲೇಬೇಡಿ. ಆ ವೈರಸ್ ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ನೆಲ, ತಟ್ಟೆಗಳನ್ನು ಬ್ಲೀಚಿಂಗ್ ದ್ರಾವಣದಲ್ಲಿ ತೊಳೆದು, ಹಾಸಿಗೆ, ಬೆಲ್ಟು ಬಿಸಾಡಿ. ಲಸಿಕೆ ಪೂರ್ತಿಯಾದ ನಾಯಿಯನ್ನೇ ತನ್ನಿ.